ಹಾಸನದಿಂದ ನಾಲ್ಕು ಜನ ಫ್ರೆಂಡ್ಸು, ಬೆಂಗ್ಳೂರಲ್ಲಿ ಒಂದ್ ರಾತ್ರಿ: ಶಾಪಿಂಗು, ಡ್ಯಾನ್ಸು ಎರಡೂ ಆಗ್ಬೇಕು, ಹೆಂಗ್ ಪ್ಲಾನ್ ಮಾಡೋದು?

ಪೆನ್ಷನ್ ಮೊಹಲ್ಲಾ ಹುಡ್ಗಿ

ಎಲ್ರಿಗೂ ನಮಸ್ಕಾರ. ನಾವು ನಾಲ್ಕು ಜನ ಹಾಸನದಲ್ಲೇ ಒಟ್ಟಿಗೆ ಡಿಗ್ರಿ ಮಾಡ್ದವ್ರು, ಈಗ ಎಲ್ರಿಗೂ ಮೂವತ್ತು ದಾಟಿದೆ, ಮೂರು ಜನಕ್ಕೆ ಮಕ್ಳಿದಾರೆ. ಕಾಲೇಜು ಮುಗಿದ್ಮೇಲೆ ಒಂದು ರಾತ್ರಿ ಕೂಡ ಒಟ್ಟಿಗೆ ಎಲ್ಲೂ ಉಳ್ಕೊಂಡಿಲ್ಲ. ಮದ್ವೆ, ಸೀಮಂತ, ಗೃಹಪ್ರವೇಶ ಅಂತ ಸಿಕ್ತೀವಿ, ಪಂಕ್ತೀಲಿ ಅಕ್ಕಪಕ್ಕ ಕೂತು ಪಾಯಸ ಬರೋ ತನಕ ಮಾತಾಡಿದ್ರೆ ಅಷ್ಟೇ, ಅಷ್ಟರಲ್ಲಿ ಯಾವ್ದೋ ಒಂದು ಮಗು ಅಳೋಕೆ ಶುರು ಮಾಡುತ್ತೆ.

ನಮ್ಮಲ್ಲಿ ಉಳಿದಿರೋ ಒಬ್ಳಿಗೆ ಈಗ ಮದ್ವೆ ಫಿಕ್ಸ್ ಆಗಿದೆ, ಆಮೇಲೆ ಪುಣೆಗೆ ಹೋಗ್ತಾಳೆ. ಕಾಲೇಜ್ ಡೇ ದಿನ ಅವ್ಳು ಸ್ಟೇಜ್ ಹತ್ತಿದ್ರೆ ಹಿಂದಿನ್ ಬೆಂಚ್ ಹುಡುಗ್ರಿಂದ ಹಿಡ್ದು ಅಟೆಂಡರ್ ತನಕ ಎಲ್ರೂ ಬಂದು ನಿಂತ್ಕೊತಿದ್ರು, ಅಂಥ ಡ್ಯಾನ್ಸರ್ ಅವ್ಳು. ಕೆಲ್ಸ, ಅಪ್ಪನ ಆಸ್ಪತ್ರೆ ಓಡಾಟ ಅಂತ ಹತ್ತು ವರ್ಷದಿಂದ ಕುಣಿದೇ ಇಲ್ಲ. ಹೋದ್ವಾರ ಕಟ್ಟಿನಕೆರೆ ಮಾರ್ಕೆಟ್ ಹತ್ರ ಸೊಪ್ಪು ತಗೋತಾ ನಿಂತಿದ್ವಿ, ಇದ್ದಕ್ಕಿದ್ದಂಗೆ "ಯಾರೂ ಗುರ್ತಿಲ್ದಿರೋ ಕಡೆ ಒಂದೇ ಒಂದ್ಸಲ ಮನಸಾರೆ ಕುಣೀಬೇಕು ಕಣೇ" ಅಂದ್ಲು, ಕಣ್ಣಲ್ಲಿ ನೀರಿತ್ತು. ಅವತ್ತೇ ಡಿಸೈಡ್ ಮಾಡ್ಬಿಟ್ಟೆ.

ಶನಿವಾರ ಬೆಳಗ್ಗೆ ಹೊರಟು ಭಾನುವಾರ ರಾತ್ರಿ ವಾಪಸ್. ಅವ್ಳ ಮದ್ವೆಗೆ ಎರಡು ಸೀರೆ, ಬಳೆ, ಸರ, ಆಮೇಲೆ ನಮಗೂ ಏನಾದ್ರೂ. ರಾತ್ರಿ ಡ್ಯಾನ್ಸ್. ನಾವ್ಯಾರೂ ಪಬ್ ಒಳಗೆ ಕಾಲಿಟ್ಟವ್ರಲ್ಲ, ಇಬ್ರು ಕುಡಿಯೋದೇ ಇಲ್ಲ, ಕುಡೀದೇ ಇದ್ರೆ ಒಳಗೆ ಬಿಡ್ತಾರಾ? ಎಲ್ಲಿ ಉಳ್ಕೊಂಡ್ರೆ ಸೇಫು? ಯಾವ್ದು ಮೊದ್ಲು ಯಾವ್ದು ಆಮೇಲೆ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ, ಯಾಕಂದ್ರೆ ಇನ್ನೊಂದ್ಸಲ ನಾಲ್ಕೂ ಜನಕ್ಕೆ ರಜೆ ಹೊಂದೋದು ಯಾವಾಗ್ಲೋ ಗೊತ್ತಿಲ್ಲ.

ಚನ್ರಾಯಪಟ್ಟಣದ ತೆಂಗು

ಓದಿ ಖುಷಿ ಆಯ್ತು. ನಾನು ಹನ್ನೊಂದು ವರ್ಷದಿಂದ ಬೆಂಗ್ಳೂರಲ್ಲೇ ಇದೀನಿ, ಊರಿಂದ ಮದ್ವೆ ಜವಳಿಗೆ ಬರೋರನ್ನೆಲ್ಲ ಕರ್ಕೊಂಡು ಸುತ್ತೋದು ನನ್ನ ಪಾಲಿಗೇ ಬರುತ್ತೆ. ಮೊದಲ್ನೇ ಮಾತು, ಚಿಕ್ಕಪೇಟೆಯನ್ನ ಭಾನುವಾರಕ್ಕೆ ಇಟ್ಕೋಬೇಡಿ. ಅಲ್ಲಿ ಹೆಚ್ಚಿನ ಸೀರೆ ಅಂಗಡಿಗಳಿಗೆ ಭಾನುವಾರವೇ ರಜೆ, ನಮ್ಮ ದೊಡ್ಡಮ್ಮ ಒಂದ್ಸಲ ಬಂದು ಬರೀ ಶಟರ್ ನೋಡ್ಕೊಂಡು ಹೋದ್ರು. ಶನಿವಾರ ಬಸ್ಸಿಂದ ಇಳಿದವ್ರೇ ನೇರ ಅಲ್ಲಿಗೇ ಹೋಗಿ.

ಹಾಸನದಿಂದ ನೂರಾ ಎಂಬತ್ತು ಚಿಲ್ರೆ ಕಿಲೋಮೀಟ್ರು, ಬಸ್ಸಲ್ಲಿ ನಾಲ್ಕು ಗಂಟೆ ಲೆಕ್ಕ ಹಾಕ್ಕೊಳಿ. ಕುಣಿಗಲ್ ತನಕ ಚೆನ್ನಾಗೇ ಬರುತ್ತೆ, ನೆಲಮಂಗಲ ದಾಟಿದ್ಮೇಲೆ ತುಮಕೂರು ರೋಡಲ್ಲಿ ಸಿಕ್ಕಾಕೊಳ್ಳುತ್ತೆ. 2024ರ ನವೆಂಬರಿಂದ ಗ್ರೀನ್ ಲೈನ್ ಮೆಟ್ರೋ ಮಾದಾವರದ ತನಕ ಬಂದಿದೆ, ಕಂಡಕ್ಟರ್‌ಗೆ ಮೊದ್ಲೇ ಹೇಳಿ ಅಲ್ಲೇ ಇಳ್ಕೊಂಡ್ರೆ ಒಂದೇ ಟ್ರೈನಲ್ಲಿ ಚಿಕ್ಕಪೇಟೆ ಸ್ಟೇಷನ್, ಮೆಜೆಸ್ಟಿಕ್ ಆದ್ಮೇಲೆ ಮುಂದಿನ ಸ್ಟಾಪೇ ಅದು. ಹಾಸನದಿಂದ ಟ್ರೈನಲ್ಲಿ ಬಂದ್ರೆ ಯಶವಂತಪುರದಲ್ಲಿ ಇಳೀರಿ, ಅಲ್ಲೂ ಅದೇ ಗ್ರೀನ್ ಲೈನ್ ಸಿಗುತ್ತೆ. ಮತ್ತೆ ನೀವು ನಾಲ್ಕೂ ಜನ ಹೆಣ್ಮಕ್ಳು, ಆಧಾರ್ ಇಟ್ಕೊಂಡ್ರೆ ಕೆಂಪು ಬಸ್ಸಲ್ಲಿ ಶಕ್ತಿ ಯೋಜನೆ ಟಿಕೆಟ್ ಫ್ರೀ, ರಾಜಹಂಸ, ಐರಾವತಕ್ಕೆ ಮಾತ್ರ ದುಡ್ಡು. ಆ ದುಡ್ಡು ರೂಮಿಗೆ ಹಾಕಿ.

ಸೀರೆ ವಿಷ್ಯ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಜನ ಇಲ್ಲೇ ಮೋಸ ಹೋಗೋದು. ಅಂಗಡಿ ಲೈಟಲ್ಲಿ ಕಂಡ ಬಣ್ಣ ಮನೇಲಿ ಇರಲ್ಲ. ಅರಿಶಿನ ಅಂತ ತಂದಿದ್ದು ಸಾಸಿವೆ ಬಣ್ಣ ಆಗಿರುತ್ತೆ. ಸೆರಗು ಬಿಡಿಸ್ಕೊಂಡು ಬಾಗ್ಲ ತನಕ ಹೋಗಿ ಬಿಸಿಲಿಗೆ ಹಿಡೀರಿ, ಒಳ್ಳೆ ಅಂಗಡಿಯವ್ರು ಬೇಡ ಅನ್ನಲ್ಲ. ರೇಷ್ಮೆ ಅಂತ ಹೇಳಿದ್ರೆ ಸಿಲ್ಕ್ ಮಾರ್ಕ್ ಲೇಬಲ್ ಇದೆಯಾ ನೋಡಿ. ಇಲ್ಲ ಅಂದ್ರೆ ಅಂಚಿಂದ ಒಂದೆಳೆ ದಾರ ಕೇಳಿ ಕಡ್ಡಿ ಗೀರಿ ಸುಡಿ, ನಿಜವಾದ ರೇಷ್ಮೆ ಕೂದ್ಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಉಜ್ಜಿದ್ರೆ ಪುಡಿ ಆಗುತ್ತೆ, ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಗುಂಡು ಕೂತ್ಕೊಳುತ್ತೆ. ನಮ್ಮಮ್ಮ ಇದೊಂದು ಪರೀಕ್ಷೆ ಮಾಡ್ದೆ ದುಡ್ಡೇ ಎಣಿಸ್ತಿರ್ಲಿಲ್ಲ. ಸರ, ಜುಮ್ಕಿ, ಬಳೆಗೆ ಅಲ್ಲೇ ಪಕ್ಕದ ರಾಜಾ ಮಾರ್ಕೆಟ್ ಕಡೆ ನಡೀರಿ. ಮಧ್ಯಾಹ್ನ ನಾಲ್ಕಕ್ಕೆ ಸಾಕು ಅನ್ನಿ, ಕಾಲು ಉಳಿಸ್ಕೊಳಿ.

ರೂಮು ಮೆಜೆಸ್ಟಿಕ್ ಹತ್ರ ಬೇಡ. ಎಂ.ಜಿ. ರೋಡ್ ಮೆಟ್ರೋದಿಂದ ನಡ್ಕೊಂಡು ಹೋಗೋ ದೂರದಲ್ಲಿ ನೋಡಿ. ಚಿಕ್ಕಪೇಟೆಯಿಂದ ಮೆಜೆಸ್ಟಿಕ್‌ಗೆ ಬಂದು ಪರ್ಪಲ್ ಲೈನ್ ಹತ್ತಿದ್ರೆ ನೇರ ಅಲ್ಲಿಗೆ. ಚರ್ಚ್ ಸ್ಟ್ರೀಟು, ಬ್ರಿಗೇಡ್ ರೋಡು, ರೆಸಿಡೆನ್ಸಿ ರೋಡು ಎಲ್ಲ ಅಲ್ಲೇ. ಪಬ್‌ಗಳು ರಾತ್ರಿ ಒಂದರ ತನಕ ತೆಗ್ದಿರುತ್ತೆ, ಮೆಟ್ರೋ ಅಷ್ಟೊತ್ತಿಗೆ ಇರಲ್ಲ, ಆಟೋ ಹತ್ತು ಗಂಟೆ ಮೇಲೆ ಒಂದೂವರೆ ಪಟ್ಟು. ಕುಣಿದು ಹೊರಗೆ ಬಂದಾಗ ರೂಮು ಐದು ನಿಮಿಷದ ನಡಿಗೇಲಿ ಇದ್ರೆ ಅದಕ್ಕಿಂತ ಸೇಫ್ಟಿ ಬೇರೆ ಇಲ್ಲ.

ಐ.ಜಿ. ರೋಡ್ ಕಾಫಿ

ನಾನು ಚಿಕ್ಕಮಗ್ಳೂರು. ಎರಡು ವರ್ಷದ ಹಿಂದೆ ನಾವು ಐದು ಜನ ಹೆಂಗಸ್ರು ಇದೇ ಥರ ಹೋಗಿದ್ವಿ, ಅದ್ರಲ್ಲಿ ಕಲ್ತಿದ್ದು ಹೇಳ್ತೀನಿ. ನಾವು ಆನ್‌ಲೈನಲ್ಲಿ ಕಮ್ಮಿ ರೇಟ್ ನೋಡಿ ಒಂದು ಲಾಡ್ಜ್ ಬುಕ್ ಮಾಡಿದ್ವಿ, ದುಡ್ಡೂ ಕಟ್ಟಿದ್ವಿ, ಸಂಜೆ ಆರಕ್ಕೆ ಕೈ ತುಂಬ ಕವರ್ ಹಿಡ್ಕೊಂಡು ಹೋದ್ರೆ "ಬರೀ ಲೇಡೀಸ್‌ಗೆ ರೂಮ್ ಕೊಡಲ್ಲ" ಅಂದ್ಬಿಟ್ರು. ಫುಟ್‌ಪಾತಲ್ಲಿ ನಿಂತು ಇನ್ನೊಂದು ಹೋಟ್ಲು ಹುಡುಕೋದ್ರಲ್ಲಿ ಎರಡು ಗಂಟೆ ಹೋಯ್ತು, ಒಬ್ಳು ಅತ್ತೇ ಬಿಟ್ಲು. ಅದಕ್ಕೆ ಆ್ಯಪಲ್ಲಿ ಬುಕ್ ಆಗಿದ್ರೂ ಹೋಟ್ಲಿಗೇ ಫೋನ್ ಮಾಡಿ, ನಾಲ್ಕು ಜನ ಹೆಂಗಸ್ರು, ರಾತ್ರಿ ಒಂದರ ಮೇಲೆ ವಾಪಸ್ ಬರ್ತೀವಿ, ಗೇಟ್ ತೆಗ್ದಿರುತ್ತಾ, ಅಂತ ಎರಡೂ ಕೇಳಿ, ಮಾತಾಡ್ದವ್ರ ಹೆಸ್ರು ಬರ್ಕೊಳಿ.

ಡ್ಯಾನ್ಸ್ ವಿಷ್ಯಕ್ಕೆ ಬರ್ತೀನಿ. ಎಲ್ಲಾ ಪಬ್ಬಲ್ಲೂ ಕುಣಿಯೋಕಾಗಲ್ಲ, ಇದು ನಮ್ಗೂ ಗೊತ್ತಿರ್ಲಿಲ್ಲ. ಬೆಂಗ್ಳೂರಲ್ಲಿ 2005ರ ಒಂದು ಆದೇಶ ಇದೆ, ಅದ್ರ ಪ್ರಕಾರ ಲೈವ್ ಬ್ಯಾಂಡು, ಡಿಸ್ಕೋಥೆಕ್ ನಡೆಸೋಕೆ ಪೊಲೀಸರಿಂದ ಬೇರೆ ಲೈಸೆನ್ಸ್ ಬೇಕು. ಹಂಗಾಗಿ ಸುಮಾರು ಕಡೆ ಟೇಬಲ್ ಪಕ್ಕ ಟೇಬಲ್ ಹಾಕಿರ್ತಾರೆ, ಎದ್ದು ನಿಂತ್ರೆ ಕೂತ್ಕೊಳಿ ಮೇಡಂ ಅಂತಾರೆ. ಮೊದ್ಲೇ ಫೋನ್ ಮಾಡಿ ಡ್ಯಾನ್ಸ್ ಫ್ಲೋರ್ ಇದೆಯಾ, ಶನಿವಾರ ಡಿಜೆ ಇದಾರಾ, ಯಾವ್ ಹಾಡು ಹಾಕ್ತಾರೆ, ಎಂಟ್ರಿ ಎಷ್ಟು, ಆ ದುಡ್ಡಿಗೆ ಊಟ ಕೊಡ್ತಾರಾ ಇಲ್ವಾ, ಎಲ್ಲ ಕೇಳಿ. ಲೇಡೀಸ್ ನೈಟ್ ಅಂತ ಫ್ರೀ ಬಿಡೋದು ಸಾಮಾನ್ಯವಾಗಿ ವಾರದ ಮಧ್ಯೆ, ಶನಿವಾರ ಅದನ್ನ ನಂಬ್ಕೋಬೇಡಿ.

ಕುಡೀದೇ ಇದ್ರೆ ಬಿಡ್ತಾರಾ ಅಂದ್ರಲ್ಲ, ಖಂಡಿತ ಬಿಡ್ತಾರೆ. ನಾನು ಕುಡಿಯಲ್ಲ, ಇಡೀ ರಾತ್ರಿ ಫ್ರೆಶ್ ಲೈಮ್ ಸೋಡಾದಲ್ಲೇ ಕಳ್ದೆ, ಒಬ್ರೂ ಕೇಳ್ಲಿಲ್ಲ. ಗ್ಲಾಸ್ ಯಾವ್ದೇ ಇರ್ಲಿ ಕೈಯಲ್ಲೇ ಇರ್ಲಿ, ಟೇಬಲ್ ಮೇಲೆ ಬಿಟ್ಟು ಹೋಗಿದ್ದನ್ನ ವಾಪಸ್ ಬಂದು ಕುಡೀಬೇಡಿ. ಒರಿಜಿನಲ್ ಐಡಿ ಕಾರ್ಡ್ ಇಟ್ಕೊಳಿ. ಹೀಲ್ಸ್ ಬೇಡ, ಬೆಳಗ್ಗೆಯಿಂದ ಚಿಕ್ಕಪೇಟೆ ತುಳಿದ ಕಾಲು ಅದು. ನಾವು ಒಂಬತ್ತೂವರೆಗೆ ಹೋದಾಗ ಫ್ಲೋರ್ ಖಾಲಿ ಇತ್ತು, ನಾಚ್ಕೆ ಆಗ್ತಿತ್ತು, ಹತ್ತೂವರೆ ಮೇಲೆ ಜನ ತುಂಬಿದ್ಮೇಲೆ ಯಾರು ಯಾರನ್ನೂ ನೋಡಲ್ಲ. ನಮ್ಮ ಜೊತೆ ಬಂದಿದ್ದ ಒಬ್ರಿಗೆ ಐವತ್ತೆರಡು ವರ್ಷ, ಕಾಟನ್ ಸೀರೇಲೇ ಬಂದಿದ್ರು, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಮುಕ್ಕಾಲು ಗಂಟೆ ಬಿಡ್ದೆ ಕುಣಿದ್ರು, ಆ ಮುಖ ನಂಗಿನ್ನೂ ಕಣ್ಣ ಮುಂದೆ ಇದೆ.

ಗೊರೂರು ಹಿನ್ನೀರು

ನಂದೊಂದು ಬೇರೆ ಅಭಿಪ್ರಾಯ. ಮೈಸೂರು ಯೋಚ್ನೆ ಮಾಡಿದೀರಾ? ಹಾಸನದಿಂದ ಮೂರು ಗಂಟೆ ಒಳಗೆ ಮುಟ್ತೀರಿ, ಮೈಸೂರ್ ಸಿಲ್ಕ್ ನೇಯೋ ಊರಲ್ಲೇ ಸರ್ಕಾರಿ ರೇಷ್ಮೆ ಕಂಪ್ನಿ ಕೆಎಸ್‌ಐಸಿ ಶೋರೂಮಲ್ಲಿ ಸೀರೆ ತಗೋಬೋದು, ಸುಡೋ ಪರೀಕ್ಷೆ ಏನೂ ಬೇಕಾಗಲ್ಲ. ದೇವರಾಜ ಮಾರ್ಕೆಟ್ ಇದೆ, ಓಡಾಟ ಕಮ್ಮಿ. ಮತ್ತೆ ಪಬ್ಬೇ ಆಗ್ಬೇಕಂತಿಲ್ಲ, ನವರಾತ್ರಿ ಟೈಮಲ್ಲಿ ಬೆಂಗ್ಳೂರಲ್ಲಿ ದಾಂಡಿಯಾ ನೈಟ್ಸ್ ನಡೀತವೆ, ಅಲ್ಲಿ ಮಕ್ಳು ಮರಿ ಸಮೇತ ಜನ ಬಂದಿರ್ತಾರೆ. ಏನೇ ಮಾಡಿ, ಹಾಸನಾಂಬ ಬಾಗ್ಲು ತೆಗೆಯೋ ವಾರ ಮಾತ್ರ ಇಟ್ಕೋಬೇಡಿ, ವಾಪಸ್ ಬರೋ ಬಸ್ಸಲ್ಲಿ ನಿಲ್ಲೋಕೂ ಜಾಗ ಇರಲ್ಲ.

ಚನ್ರಾಯಪಟ್ಟಣದ ತೆಂಗು

ಮೈಸೂರು ಸೀರೆಗೆ ಒಪ್ತೀನಿ, ಆದ್ರೆ ಇಲ್ಲಿ ಮುಖ್ಯ ಸೀರೆ ಅಲ್ಲ, ಆ ಹುಡ್ಗಿ ಕುಣೀಬೇಕು ಅಂದಿದ್ದು. ಅದಕ್ಕೆ ಬೆಂಗ್ಳೂರೇ ಸರಿ.

ಭಾನುವಾರದ್ದು ಹೇಳೋದು ಮರ್ತಿದ್ದೆ. ಬೇಗ ಏಳೋಕೆ ಹೋಗ್ಬೇಡಿ. ರೂಮ್ ಖಾಲಿ ಮಾಡಿ ಬ್ಯಾಗ್ ರಿಸೆಪ್ಷನಲ್ಲೇ ಬಿಟ್ಟು ಚರ್ಚ್ ಸ್ಟ್ರೀಟಲ್ಲಿ ಹಳೇ ಪುಸ್ತಕದ ಅಂಗಡಿ ನೋಡಿ, ಆಮೇಲೆ ಬ್ಯಾಗ್ ಎತ್ಕೊಂಡು ಮಲ್ಲೇಶ್ವರಕ್ಕೆ ಬನ್ನಿ. ಸಿಟಿಆರ್ ಹೋಟ್ಲಲ್ಲಿ ಬೆಣ್ಣೆ ಮಸಾಲೆ ದೋಸೆ, ಕ್ಯೂ ಇರುತ್ತೆ, ಕಾಯಿರಿ. ಎಂಟನೇ ಕ್ರಾಸಲ್ಲಿ ಬ್ಲೌಸ್ ಪೀಸು, ಬಳೆ, ಹೂವು, ಮಕ್ಳಿಗೆ ಬಟ್ಟೆ ಎಲ್ಲ ಸಿಗುತ್ತೆ. ಅಲ್ಲಿಂದ ಯಶವಂತಪುರ ಹತ್ರ, ಸಂಜೆ ಹಾಸನದ ಟ್ರೈನ್ ಹಿಡೀಬೋದು, ಸೀಟ್ ಈಗ್ಲೇ ರಿಸರ್ವ್ ಮಾಡ್ಸಿ.

ಪೆನ್ಷನ್ ಮೊಹಲ್ಲಾ ಹುಡ್ಗಿ

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಹೇಳ್ತೀರ ಅಂತ ಅಂದ್ಕೊಂಡಿರ್ಲಿಲ್ಲ. ದಾಂಡಿಯಾ ಐಡಿಯಾ ಚೆನ್ನಾಗಿತ್ತು, ಆದ್ರೆ ದಸರಾ ರಜೇಲಿ ಮನೆ ತುಂಬ ನೆಂಟ್ರು, ಯಾರೂ ಅಲ್ಲಾಡೋಕಾಗಲ್ಲ. ಅದಕ್ಕೂ ಮುಂಚಿನ ಶನಿವಾರ ಫಿಕ್ಸ್ ಮಾಡಿದೀವಿ. ಎಂ.ಜಿ. ರೋಡ್ ಹತ್ರ ಒಂದು ಹೋಟ್ಲಿಗೆ ನಾನೇ ಫೋನ್ ಮಾಡ್ದೆ, ನಾಲ್ಕು ಜನ ಹೆಂಗಸ್ರು, ಒಂದರ ಮೇಲೆ ಬರ್ತೀವಿ ಅಂತ ನೇರ ಹೇಳ್ದೆ, ತೊಂದ್ರೆ ಇಲ್ಲ ಮೇಡಂ, ರಾತ್ರಿ ಡೆಸ್ಕಲ್ಲಿ ಜನ ಇರ್ತಾರೆ ಅಂದ್ರು, ಹೆಸ್ರೂ ಬರ್ಕೊಂಡೆ. ಚಿಕ್ಕ ಮಗು ಇರೋ ಫ್ರೆಂಡಿಗೆ ಅವ್ಳ ಅತ್ತೇನೇ "ನೀನ್ ಹೋಗು, ಮಗು ನಾನ್ ನೋಡ್ಕೊತೀನಿ" ಅಂದ್ರಂತೆ, ಡ್ಯಾನ್ಸ್ ವಿಷ್ಯನೂ ಮುಚ್ಚಿಟ್ಟಿಲ್ಲ, ಎಲ್ಲ ಹೇಳಿದಾಳೆ.

ಪಬ್ಬಿಗೂ ಫೋನ್ ಮಾಡ್ದೆ. ಡ್ಯಾನ್ಸ್ ಫ್ಲೋರ್ ಇದೆ, ಎಂಟ್ರಿ ದುಡ್ಡಿಗೆ ಊಟ ತಗೋಬೋದು. ಕೊನೇಗೆ ಧೈರ್ಯ ಮಾಡಿ ಕನ್ನಡ ಹಾಡು ಹಾಕ್ತೀರಾ ಅಂತ ಕೇಳ್ದೆ. ಆ ಹುಡುಗ "ಹನ್ನೊಂದಾದ್ಮೇಲೆ ಹಾಕ್ತಾರೆ ಅಕ್ಕ, ನಾನೂ ಅರಸೀಕೆರೆಯವ್ನೇ, ಯಾವ್ ಹಾಡು ಬೇಕು ಹೇಳಿ, ಡಿಜೆಗೆ ಚೀಟಿ ಕೊಡ್ತೀನಿ" ಅಂದ. ಕಾಲೇಜ್ ಡೇಲಿ ಅವ್ಳು ಕುಣಿದಿದ್ದ ಹಾಡೇ ಹೇಳಿದೀನಿ. ಅವ್ಳಿಗೆ ಗೊತ್ತಿಲ್ಲ.