ಕೋಶಪೊರೆ ಅಂದ್ರೆ ಜರಡಿನಾ? ಮಗಳ ಪ್ರಶ್ನೆಗೆ ಉತ್ತರ ಬೇಕಿತ್ತು

ಭಟ್ಟಿ_ಹತ್ರದ_ಮನೆ (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ಮಗಳು ಫಸ್ಟ್ ಪಿಯುಸಿ ಸೈನ್ಸ್ ಓದ್ತಿದ್ದಾಳೆ. ನಿನ್ನೆ ರಾತ್ರಿ ಜೀವಕೋಶದ ಪಾಠ ಹಿಡಿದುಕೊಂಡು ಬಂದು, ಪೊರೆ ಬೇಕಾದ್ದನ್ನು ಒಳಗೆ ಬಿಡುತ್ತೆ, ಬೇಡದ್ದನ್ನು ತಡೆಯುತ್ತೆ ಅಂತ ಬರೆದಿದ್ದಾರಲ್ಲ ಅಪ್ಪ, ಅದು ಹೇಗೆ ಅಂತ ಕೇಳಿದಳು. ನಮ್ಮ ಮನೆ ಮಂಡಕ್ಕಿ ಭಟ್ಟಿ ಹತ್ತಿರ. ಹುರಿದಾದ ಮೇಲೆ ಜರಡಿ ಹಿಡಿದರೆ ಮರಳು ಕೆಳಗೆ ಬೀಳುತ್ತೆ, ಮಂಡಕ್ಕಿ ಮೇಲೆ ಉಳಿಯುತ್ತೆ, ಹಾಗೇ ಇದೂ ಅಂದೆ. ಅವಳು ಒಪ್ಪಲಿಲ್ಲ. ಸೋಡಿಯಂ ಅಯಾನು ಅಷ್ಟು ಚಿಕ್ಕದು, ಅದಕ್ಕೆ ತಾನಾಗಿ ದಾಟೋಕೆ ಆಗಲ್ಲ, ಅದಕ್ಕಿಂತ ಎಷ್ಟೋ ದೊಡ್ಡ ಸ್ಟೀರಾಯ್ಡ್ ಹಾರ್ಮೋನು ಸೀದಾ ಒಳಗೆ ಹೋಗುತ್ತೆ, ಇದ್ಯಾವ ಜರಡಿ ಅಂತ ಕೇಳ್ತಾಳೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಪ್ರಶ್ನೆ ನಮ್ಮ ಮನೆಯವರದ್ದು. ಹೆಚ್ಚಿದ ಬೀಟ್ರೂಟನ್ನು ಚೆನ್ನಾಗಿ ತೊಳೆದು ತಣ್ಣೀರಲ್ಲಿ ಇಟ್ಟರೆ ಬಣ್ಣ ಅಷ್ಟಾಗಿ ಬಿಡಲ್ಲ, ಒಲೆ ಮೇಲೆ ಇಟ್ಟರೆ ನೀರೆಲ್ಲ ಕೆಂಪು. ಇದಕ್ಕೂ ಪೊರೆಗೂ ಸಂಬಂಧ ಇದೆಯಾ?

ದುರ್ಗದ_ಮೇಷ್ಟ್ರು:
ಸರ್, ನಿಮ್ಮ ಮಗಳು ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದಾಳೆ. ಜರಡಿ ಹೋಲಿಕೆ ಬಿಟ್ಟುಬಿಡಿ, ಪೊರೆಯಲ್ಲಿ ಗಾತ್ರ ನೋಡಿ ಸೋಸುವ ತೂತುಗಳಿಲ್ಲ. ಅದು ಎಣ್ಣೆಯಂಥ ಒಂದು ಪದರ, ಮೊದಲು ಅಷ್ಟನ್ನು ಮನಸ್ಸಿಗೆ ತಂದುಕೊಳ್ಳಿ.

ಪೊರೆ ಮುಖ್ಯವಾಗಿ ಫಾಸ್ಫೋಲಿಪಿಡ್ ಅನ್ನುವ ಅಣುಗಳಿಂದ ಆಗಿದೆ. ಇದಕ್ಕೆ ಒಂದು ತಲೆ, ಎರಡು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ನೀರು ಆಗಲ್ಲ. ಸಾರಿನ ಮೇಲೆ ಎಣ್ಣೆ ಹನಿಗಳು ಒಂದಕ್ಕೊಂದು ಸೇರಿಕೊಳ್ಳುವುದನ್ನು ನೋಡಿರ್ತೀರಲ್ಲ, ಹಾಗೇ ಬಾಲಗಳೆಲ್ಲ ನೀರಿನಿಂದ ತಪ್ಪಿಸಿಕೊಂಡು ಒಳಮುಖವಾಗಿ ಸೇರುತ್ತವೆ, ತಲೆಗಳು ಆಚೆ ಈಚೆ ನೀರಿನ ಕಡೆ ನಿಲ್ಲುತ್ತವೆ, ಹೀಗೆ ಎರಡು ಸಾಲು ತಾನಾಗಿಯೇ ಆಗುತ್ತೆ. ಎರಡೇ ಸಾಲು ಅಂತ ಗೊತ್ತಾದ ಕಥೆ ನನಗೆ ತುಂಬಾ ಇಷ್ಟ. 1925ರಲ್ಲಿ ನೆದರ್‌ಲ್ಯಾಂಡ್ಸ್‌ನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿ ಅಳೆದರು. ಕಣಗಳ ಮೈಯಳತೆಗಿಂತ ಸುಮಾರು ಎರಡು ಪಟ್ಟು ಬಂತು! ಇಡೀ ಪೊರೆ 7-8 ನ್ಯಾನೋಮೀಟರ್ ದಪ್ಪ ಅಷ್ಟೇ, ಒಂದರ ಮೇಲೊಂದು ಲಕ್ಷಕ್ಕಿಂತ ಜಾಸ್ತಿ ಪೇರಿಸಿದರೆ ಒಂದು ಮಿಲಿಮೀಟರ್ ಆಗುತ್ತೆ.

ಈಗ ಸೋಡಿಯಂಗೆ ಬನ್ನಿ. ಅದಕ್ಕೆ ವಿದ್ಯುತ್ ಆವೇಶ ಇದೆ, ಸುತ್ತಲೂ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಆ ನೀರನ್ನು ಕಳಚಿ ಎಣ್ಣೆಯೊಳಗೆ ಇಳಿಯಲು ಅದಕ್ಕೆ ಆಗಲ್ಲ. ಸ್ಟೀರಾಯ್ಡ್ ದೊಡ್ಡದಾದರೂ ಎಣ್ಣೆಯಲ್ಲಿ ಕರಗುತ್ತೆ, ದಾಟುತ್ತೆ. ಆಕ್ಸಿಜನ್ನೂ ಹಾಗೇ.

ಎಣ್ಣೆ ದಾಟಲಾಗದವರಿಗೆ ಪ್ರೋಟೀನ್ ಬಾಗಿಲುಗಳಿವೆ. ಇಲ್ಲೂ ಜರಡಿ ಲೆಕ್ಕ ನಡೆಯಲ್ಲ. ಪೊಟ್ಯಾಸಿಯಂ ಬಾಗಿಲು ಪೊಟ್ಯಾಸಿಯಂ ಬಿಡುತ್ತೆ, ಅದಕ್ಕಿಂತ ಚಿಕ್ಕದಾದ ಸೋಡಿಯಂನ ತಡೆಯುತ್ತೆ. ದೊಡ್ಡದು ಹೋಗುತ್ತೆ, ಚಿಕ್ಕದು ನಿಲ್ಲುತ್ತೆ! ಬಾಗಿಲ ಒಳಗೋಡೆಯಲ್ಲಿ ಆಕ್ಸಿಜನ್ ಪರಮಾಣುಗಳ ಸಾಲಿದೆ, ನೀರು ಪೊಟ್ಯಾಸಿಯಂನ ಹೇಗೆ ಸುತ್ತುವರಿದಿತ್ತೋ ಅದೇ ಅಳತೆಗೆ ಅವು ಕೂತಿವೆ. ಹಾಗಾಗಿ ಪೊಟ್ಯಾಸಿಯಂ ನೀರು ಬಿಟ್ಟು ಬಂದರೂ ನಷ್ಟವಿಲ್ಲ. ಸೋಡಿಯಂ ಚಿಕ್ಕದು, ಎಲ್ಲ ಕಡೆ ತಾಗಲ್ಲ, ಅದಕ್ಕೆ ನೀರಲ್ಲೇ ಇರುವುದು ವಾಸಿ. ಇದರ ರಚನೆಯನ್ನು ಮ್ಯಾಕಿನನ್ 1998ರಲ್ಲಿ ತೋರಿಸಿದರು. 2003ರ ರಸಾಯನಶಾಸ್ತ್ರ ನೊಬೆಲ್ ಅವರಿಗೂ, ನೀರಿನ ಬಾಗಿಲು ಅಕ್ವಾಪೊರಿನ್ ಕಂಡುಹಿಡಿದ ಪೀಟರ್ ಅಗ್ರೆ ಅವರಿಗೂ ಬಂತು.

ಬೀಟ್ರೂಟ್: ಬಣ್ಣ ಇರುವುದು ಕೋಶದೊಳಗಿನ ರಸದಾನಿಯಲ್ಲಿ, ಅಂದ್ರೆ ರಸ ತುಂಬಿದ ಚೀಲದಲ್ಲಿ. ಹೊರಗೆ ಬರಲು ರಸದಾನಿಯ ಪೊರೆ, ಆಮೇಲೆ ಕೋಶದ ಪೊರೆ, ಎರಡನ್ನೂ ದಾಟಬೇಕು. ಬಿಸಿಗೆ ಪೊರೆ ಸಡಿಲವಾಗುತ್ತೆ, ಪ್ರೋಟೀನುಗಳು ಕೆಡುತ್ತವೆ, ಆಗ ಬಣ್ಣ ಸೋರುತ್ತೆ.

ಕಲ್ಲಿನ_ಕೋಟೆ:
ಸರ್, ನೀವು ನಮ್ಮೂರಿನವರೇ, ಏಳು ಸುತ್ತಿನ ಕೋಟೆ ಅಂದುಬಿಟ್ಟಿದ್ದರೆ ಮಕ್ಕಳಿಗೆ ಬೇಗ ಅರ್ಥ ಆಗ್ತಿತ್ತಲ್ವಾ? ಗೋಡೆ, ಬಾಗಿಲು, ಕಾವಲು ಎಲ್ಲಾ ಇದೆ.

ದುರ್ಗದ_ಮೇಷ್ಟ್ರು:
ಮೊದಲು ನಾನೂ ಹಾಗೇ ಹೇಳ್ತಿದ್ದೆ, ಈಗ ಬಿಟ್ಟಿದ್ದೇನೆ. ಕೋಟೆಯ ಕಲ್ಲು ಇಟ್ಟಲ್ಲೇ ಇರುತ್ತೆ. ಪೊರೆಯಲ್ಲಿ ಒಂದು ಲಿಪಿಡ್ ಅಣು ಪಕ್ಕದ್ದರ ಜೊತೆ ಸೆಕೆಂಡಿಗೆ ಸುಮಾರು 1 ಕೋಟಿ ಸಲ ಜಾಗ ಬದಲಾಯಿಸುತ್ತೆ. ಪ್ರೋಟೀನುಗಳೂ ಅದರಲ್ಲಿ ತೇಲಾಡುತ್ತಿರುತ್ತವೆ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟ ಚಿತ್ರ ಇದೇ. ಕೋಟೆ ಅಂದ ತಕ್ಷಣ ಮಕ್ಕಳು ಗಟ್ಟಿ ಗೋಡೆ ಬರೀತಾರೆ, ಕೋಶಭಿತ್ತಿಯನ್ನೂ (ಗಿಡದ ಕೋಶಕ್ಕೆ ಪೊರೆಯ ಆಚೆ ಇರುವ ಗಟ್ಟಿ ಗೋಡೆ) ಪೊರೆಯನ್ನೂ ಕಲಸಿಬಿಡ್ತಾರೆ.

ವಾರ್ಡ್_ಸಿಸ್ಟರ್:
ಅಣ್ಣಾ, ಮಗಳಿಗೆ ಓಆರ್‌ಎಸ್ ಪ್ಯಾಕೆಟ್ ತೋರಿಸಿ. ನಾವು ದಿನಾ ಕೊಡುವ ಆ ಪುಡಿ ಪೂರ್ತಿ ಪೊರೆಯ ಕಥೆಯೇ. ಭೇದಿಯಲ್ಲಿ ನೀರು ಹೋಗುತ್ತೆ ಅಂತ ಬರೀ ನೀರು ಕುಡಿಸಿದರೆ ಸಾಲಲ್ಲ. ಸಣ್ಣ ಕರುಳಿನ ಕೋಶಗಳಲ್ಲಿ ಒಂದು ಬಾಗಿಲಿದೆ, ಅದು ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿಯೇ ಒಳಗೆ ತರುತ್ತೆ, ನೀರು ಅವುಗಳ ಹಿಂದೆ ಬರುತ್ತೆ. ಕಾಲರಾದಲ್ಲಿ ಕೋಶದಿಂದ ಉಪ್ಪು ನೀರು ಹೊರಗೆ ಸುರಿಯುತ್ತಿದ್ದರೂ ಈ ಬಾಗಿಲು ಕೆಲಸ ಮಾಡುತ್ತಲೇ ಇರುತ್ತೆ. ಅದಕ್ಕೇ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಅಂತ ಅಳತೆ. ಸಕ್ಕರೆ ಜಾಸ್ತಿ ಹಾಕಿದರೆ ಒಳ್ಳೇದು ಅಂದ್ಕೋಬೇಡಿ, ಆಗ ನೀರು ಉಲ್ಟಾ ಕರುಳಿಗೆ ಬಂದು ಭೇದಿ ಹೆಚ್ಚುತ್ತೆ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನೋಬಿಸ್ ಡ್ರಿಪ್ ಬಾಟಲಿ ಸಾಲದೆ ಇದನ್ನೇ ಕುಡಿಸಿ ಎಷ್ಟೋ ಜನರನ್ನು ಉಳಿಸಿದರು. ಇದನ್ನು ಓದಿದಾಗಿನಿಂದ ಪ್ಯಾಕೆಟ್ ಕೈಗೆ ಬಂದಾಗಲೆಲ್ಲ ಅವರ ನೆನಪಾಗುತ್ತೆ.

ದುರ್ಗದ_ಮೇಷ್ಟ್ರು:
ಒಳ್ಳೆ ಉದಾಹರಣೆ ಸಿಸ್ಟರ್. ಒಂದು ಮಾತು ಸೇರಿಸ್ತೀನಿ. ಹೀಗೆ ಬಂದ ಸೋಡಿಯಂ ಒಳಗೇ ತುಂಬಿಕೊಂಡರೆ ಬಾಗಿಲು ಎಳೆಯುವುದು ನಿಲ್ಲುತ್ತೆ. ಅದನ್ನು ರಕ್ತದ ಕಡೆಗೆ ಎತ್ತಿ ಹಾಕಲು ಪಂಪ್ ಇದೆ, ಪ್ರತಿ ಸುತ್ತಿಗೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ, ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು.

ಭಟ್ಟಿ_ಹತ್ರದ_ಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮಗಳು ಮೂರು ಲೋಟ ಇಟ್ಟು ನೋಡಿದಳು. ತಣ್ಣೀರಲ್ಲಿದ್ದ ಬೀಟ್ರೂಟ್ ತೆಳು ಗುಲಾಬಿ, ಬಿಸಿನೀರಿನದ್ದು ಕಡುಗೆಂಪು. ಮೂರನೇ ತುಂಡನ್ನು ರಾತ್ರಿಯೆಲ್ಲ ಫ್ರೀಜರಲ್ಲಿಟ್ಟು ಆಮೇಲೆ ತಣ್ಣೀರಿಗೆ ಹಾಕಿದ್ದಳು, ಅದೂ ಕೆಂಪಾಯ್ತು! ಬಿಸಿಯೇ ತಾಗಿಲ್ಲ, ಇದು ಹೇಗೆ ಮೇಷ್ಟ್ರೇ?

ದುರ್ಗದ_ಮೇಷ್ಟ್ರು:
ಕೋಶದೊಳಗಿನ ನೀರು ಮಂಜುಗಡ್ಡೆಯಾಗುವಾಗ ಹರಳು ಬೆಳೆಯುತ್ತೆ, ಪೊರೆ ಹರಿದುಹೋಗುತ್ತೆ. ಕರಗಿದ ಮೇಲೆ ಬಣ್ಣ ತಡೆಯೋಕೆ ಏನೂ ಉಳಿದಿರಲ್ಲ. ಆ ತುಂಡನ್ನು ಬೆರಳಲ್ಲಿ ಒತ್ತಿ ನೋಡೋಕೆ ಹೇಳಿ, ಮೆತ್ತಗಾಗಿರುತ್ತೆ.