ಸಹಾಯ ಬೇಕು: ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಲಿಂಕ್ ಅರ್ಧಕ್ಕೇ ತುಂಡಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ವರ್ಡ್‌ಪ್ರೆಸ್‌ನಲ್ಲಿ ಒಂದು ಅಡುಗೆ ಸೈಟ್ ನಡೆಸುತ್ತಿದ್ದೇನೆ. ಶೀರ್ಷಿಕೆ ಕನ್ನಡ, ಹಾಗಾಗಿ ಲಿಂಕೂ ಕನ್ನಡ. ‘ಹಲಸಿನ ಹಣ್ಣಿನ ಕಡುಬು ಮಾಡುವ ವಿಧಾನ’ ಅಂತ ಹಾಕಿದರೆ ಲಿಂಕ್ ‘ಮಾಡುವ’ಕ್ಕೇ ನಿಂತುಬಿಡುತ್ತದೆ, ‘ವಿಧಾನ’ ಮಾಯ! ಹುಡುಕಿ ನೋಡಿದೆ. ಸ್ಲಗ್‌ಗೆ, ಅಂದರೆ ಲಿಂಕ್‌ನಲ್ಲಿ ಶೀರ್ಷಿಕೆಯಿಂದ ಬರುವ ಭಾಗಕ್ಕೆ, ಇರುವ ಜಾಗ 200. ನಮ್ಮ ಒಂದೊಂದು ಅಕ್ಷರ, ಗುಣಿತದ ಚಿಹ್ನೆ ಕೂಡ, ಲಿಂಕ್‌ನಲ್ಲಿ ಶೇಕಡಾ ಗುರುತಿನ (%) ಕೋಡ್ ಆಗಿ, ಆ ಗುರುತೂ ಸೇರಿ 9 ಜಾಗ ತಿನ್ನುತ್ತದಂತೆ. ವಾಟ್ಸಾಪ್‌ಗೆ ಹಾಕಿದರೆ ಉದ್ದಕ್ಕೆ ಬರೀ ಶೇಕಡಾ ಗುರುತುಗಳೇ, ವೈರಸ್ ಲಿಂಕಾ ಅಂತ ಚಿಕ್ಕಮ್ಮನೇ ಕೇಳಿದರು.

ಒಂದು ಪೋಸ್ಟ್‌ನ ಸ್ಲಗ್ ಮಾತ್ರ ಇಂಗ್ಲಿಷ್‌ಗೆ ಬದಲಿಸಿದೆ. ಹಳೇ ಲಿಂಕ್ ಒತ್ತಿದರೂ ಹೊಸದಕ್ಕೇ ಹೋಯಿತು. ಆದರೆ 300ಕ್ಕೂ ಜಾಸ್ತಿ ಪೋಸ್ಟ್ ಕೈಯಲ್ಲೇ ಬದಲಿಸೋದು ಆಗದ ಮಾತು ಅಲ್ವಾ?

ಪರ್ಮಾಲಿಂಕ್ (ಪೋಸ್ಟ್‌ನ ಖಾಯಂ ಲಿಂಕ್) ಸೆಟ್ಟಿಂಗ್‌ನಲ್ಲಿ ಎಲ್ಲ ಲಿಂಕನ್ನೂ ಒಮ್ಮೆಲೇ ಪೋಸ್ಟ್ ನಂಬರ್‌ಗೆ ಬದಲಿಸಿದರೆ ಹಳೇ ಕನ್ನಡ ಲಿಂಕ್‌ಗಳೂ ತಾವಾಗಿಯೇ ತೆರೆಯುತ್ತವಾ, ಇಲ್ಲಾ ಹಳೇ ಲಿಂಕನ್ನು ಹೊಸದಕ್ಕೆ ಕಳಿಸುವ ರೀಡೈರೆಕ್ಟ್ ಪ್ಲಗಿನ್ ಹಾಕಲೇಬೇಕಾ?