ಗೇಮ್ಸ್‌ಕಾಮ್‌ಗೆ ಹೋಗ್ತಿದೀವಿ, ಊಟ ವಸತಿ ಕಮ್ಮಿ ಖರ್ಚಲ್ಲಿ ಹೆಂಗೆ ಮ್ಯಾನೇಜ್ ಮಾಡೋದು?

ಪಿಕ್ಸೆಲ್_ಪುಟ್ಟ:
ಎಲ್ರಿಗೂ ನಮಸ್ಕಾರ. ಜರ್ಮನಿಲಿ ಮಾಸ್ಟರ್ಸ್ ಮಾಡ್ತಿದೀನಿ, ನಾನೂ ನನ್ನ ರೂಮ್‌ಮೇಟೂ ಆಗಸ್ಟ್‌ನಲ್ಲಿ ಕೊಲೋನ್‌ಗೆ ಗೇಮ್ಸ್‌ಕಾಮ್ ಅನ್ನೋ ವಿಡಿಯೋ ಗೇಮ್ ಮೇಳ ನೋಡಕ್ಕೆ ಹೋಗ್ತಿದೀವಿ. ಶುಕ್ರವಾರ ಶನಿವಾರದ ಟಿಕೆಟ್ ಹೆಂಗೋ ಸಿಕ್ತು, ಭಾನುವಾರ ಊರು ಸುತ್ತಿ ವಾಪಸ್ ಅಂತ ಪ್ಲಾನ್, ಆಮೇಲೆ ಹೋಟೆಲ್ ರೇಟ್ ನೋಡಿದ್ರೆ ಎದೆ ಧಸಕ್ ಅಂತು. ಬ್ಲಾಕ್ಡ್ ಅಕೌಂಟಿಂದ (ವೀಸಾಗೆ ಅಂತ ಮೊದ್ಲೇ ದುಡ್ಡು ಇಟ್ಟಿರೋ ಖಾತೆ) ತಿಂಗಳಿಗೆ 992 ಯೂರೋ ಬರತ್ತೆ, ಅದ್ರಲ್ಲಿ ಬಾಡಿಗೆ ಇನ್ಶೂರೆನ್ಸ್ ಕಳೆದ್ಮೇಲೆ ಎಷ್ಟು ಉಳಿಯತ್ತೆ ಅಂತ ಇಲ್ಲಿರೋರಿಗೆ ಹೇಳೋದೇನೂ ಬೇಕಾಗಿಲ್ಲ ಅನ್ಸತ್ತೆ.

ನಾನು ವೆಜ್, ಅವನು ಮೊಟ್ಟೆ ತಿಂತಾನೆ ಅಷ್ಟೇ. ಒಳಗಡೆ ಸ್ಟಾಲ್‌ಗಳಲ್ಲಿ ರೇಟ್ ಜಾಸ್ತಿ ಅಂತ ಕೇಳಿದೀನಿ. ಹೊರಗೆ ಹತ್ರದಲ್ಲಿ ಏನಾದ್ರೂ ಸಿಗತ್ತಾ, ಮನೆಯಿಂದ ಕಟ್ಕೊಂಡು ಹೋದ್ರೆ ಕೂತು ತಿನ್ನೋಕೆ ಜಾಗ ಇದ್ಯಾ, ಬ್ಯಾಗ್ ಎಲ್ಲಿಡೋದು, ಟಾಯ್ಲೆಟ್ ಗತಿ ಏನು? ಹೋಗಿ ಬಂದೋರು ಸ್ವಲ್ಪ ಹೇಳಿ ಪ್ಲೀಸ್.

ರೈನ್_ದಂಡೆ:
ಪುಟ್ಟ, ಮೊದ್ಲು ಊಟದ ಲೆಕ್ಕ ಪಕ್ಕಕ್ಕಿಡು. ಸ್ಟಾಲಲ್ಲಿ ತಿಂದು ಯಾರೂ ದಿವಾಳಿ ಆಗಲ್ಲ, ದುಡ್ಡು ಹೋಗೋದು ಮಲಗೋ ಜಾಗಕ್ಕೆ. ಆ ವಾರ ಕೊಲೋನ್ ಒಳಗಡೆ ರೂಮ್ ಹುಡುಕೋದೇ ಬೇಡ. ನಾನಿರೋದು ಡ್ಯೂಸೆಲ್ಡಾರ್ಫ್‌ನಲ್ಲಿ, ಇಲ್ಲಿಂದ ಎಸ್6 ಅಥವಾ ಆರ್‌ಇ1 ಲೋಕಲ್ ಟ್ರೇನ್ ಹತ್ತಿದ್ರೆ ನೇರ ಕೊಲೋನ್ ಮೆಸ್ಸೆ/ಡಾಯ್ಟ್ಸ್ ಸ್ಟೇಷನ್ (ಮೆಸ್ಸೆ ಅಂದ್ರೆ ಮೇಳ ನಡೆಯೋ ಜಾಗ), ಇಳಿದ್ರೆ ಎದುರಿಗೇ ಮೇಳದ ಗೇಟು. ಆರ್‌ಇ ಬೇಗ ಹೋಗತ್ತೆ, ಎಸ್6 ಎಲ್ಲಾ ಕಡೆ ನಿಲ್ಲತ್ತೆ. ಬಾನ್, ಲೆವರ್‌ಕೂಸನ್ ಕಡೇನೂ ನೋಡಬಹುದು. ನಿಮ್ಮ ಯೂನಿಲಿ ಡಾಯ್ಚ್‌ಲಾಂಡ್ ಸೆಮೆಸ್ಟರ್‌ಟಿಕೆಟ್ (ದೇಶ ಪೂರ್ತಿ ಲೋಕಲ್ ಟ್ರೇನು ಬಸ್ಸಲ್ಲಿ ನಡೆಯೋ ಸ್ಟೂಡೆಂಟ್ ಪಾಸ್) ಕೊಟ್ಟಿದ್ರೆ ಓಡಾಟಕ್ಕೆ ಒಂದು ಪೈಸೆ ಹೆಚ್ಚಿಗೆ ಬೇಡ, ಇಲ್ಲಾಂದ್ರೆ ಒಂದು ತಿಂಗಳಿಗೆ ಅದೇ ಥರದ ಪಾಸು ಡಾಯ್ಚ್‌ಲಾಂಡ್‌ಟಿಕೆಟ್ ತಗೋ, 2026ರಿಂದ 63 ಯೂರೋ, ಆದ್ರೆ ಅದು ಸಬ್‌ಸ್ಕ್ರಿಪ್ಷನ್, ಆ ತಿಂಗಳ 10ನೇ ತಾರೀಕಿನೊಳಗೆ ಕ್ಯಾನ್ಸಲ್ ಮಾಡ್ಲಿಲ್ಲ ಅಂದ್ರೆ ಮುಂದಿನ ತಿಂಗಳದ್ದೂ ಕಟ್ ಆಗತ್ತೆ. ಐಸಿಇ ಅನ್ನೋ ಫಾಸ್ಟ್ ಟ್ರೇನ್ ಹತ್ತಬೇಡ, ಅದ್ರಲ್ಲಿ ಈ ಟಿಕೆಟ್ ನಡೆಯಲ್ಲ. ಬೇಸಿಗೆ ಅಂದ್ರೆ ಇಲ್ಲಿ ಹಳಿ ರಿಪೇರಿ ಕಾಲ, ಹಿಂದಿನ ರಾತ್ರಿ ಆ್ಯಪ್‌ನಲ್ಲಿ ಒಂದ್ಸಲ ನೋಡ್ಕೊಂಡು ಮಲಗು.

ಡಾಯ್ಟ್ಸ್ ಸ್ಟೇಷನ್ ಹತ್ರಾನೇ ಸಂಘದೋರು ನಡೆಸೋ ಒಂದು ಯೂತ್ ಹಾಸ್ಟೆಲ್ ಇದೆ, ಯುಗೆಂಟ್‌ಹೆರ್ಬೆರ್ಗೆ ಅಂತಾರಲ್ಲ ಅದು. ತಿಂಡಿ, ಹಾಸಿಗೆ ಬಟ್ಟೆ ಎಲ್ಲಾ ರೇಟಲ್ಲೇ ಸೇರಿರತ್ತೆ, ಮೆಂಬರ್‌ಶಿಪ್ ಮಾಡಿಸ್ಬೇಕು ಅಷ್ಟೇ. ಖಾಲಿ ಇದ್ರೆ ಈಗಲೇ ಹಾಕ್ಬಿಡಿ. ಆಗಸ್ಟ್‌ವರೆಗೆ ಉಳಿಯೋ ಚಾನ್ಸ್ ಇಲ್ಲ.

ಲಗೇಜ್ ಕೊಲೋನ್ ಮೇನ್ ಸ್ಟೇಷನ್ನಲ್ಲಿ ಇಡಿ, ಅಲ್ಲಿ ಮೆಷೀನ್ ಲಾಕರ್, ಬ್ಯಾಗ್ ಒಳಗಿಟ್ರೆ ಅದೇ ಕೆಳಗೆ ಎಲ್ಲಿಗೋ ತಗೊಂಡು ಹೋಗತ್ತೆ, ಆಗ ಅದು ಕೊಟ್ಟ ಕಾರ್ಡ್ ಹಾಕಿದ್ರೆ ವಾಪಸ್ ಬರತ್ತೆ. ಅಲ್ಲಿಂದ ಡಾಯ್ಟ್ಸ್ ಒಂದೇ ಸ್ಟಾಪು. ಟ್ರೇನ್ ತುಂಬಿದ್ರೆ ಹೊಹೆನ್‌ಜೋಲರ್ನ್ ಬ್ರಿಡ್ಜ್ ಮೇಲೆ ನಡ್ಕೊಂಡು ನದಿ ದಾಟಿ, ಬೀಗ ನೇತಾಕಿರೋ ಬ್ರಿಡ್ಜು, ಫೋಟೋನೂ ಆಯ್ತು.

ತಿಂಡಿಪೋತ:
ರೈನ್ ಅಕ್ಕ ಹೇಳಿದ್ದು ಸರಿ, ಆದ್ರೆ ಊಟದ್ದು ಅಷ್ಟು ಹಗುರಾಗಿ ಬಿಡೋ ಹಾಗಿಲ್ಲ, ಅದ್ರಲ್ಲೂ ವೆಜ್‌ನೋರು. ಮೇಳದೊಳಗೆ ಫ್ರೈಸ್ ಬಿಟ್ರೆ ಹೊಟ್ಟೆ ತುಂಬೋ ಅಂಥದ್ದು ಹುಡುಕಬೇಕು, ಹುಡುಕೋ ಹೊತ್ತಲ್ಲಿ ಇನ್ನೊಂದು ಡೆಮೊ ಆಡಬಹುದು. ನಾವು ಮಾಡೋದು ಹೇಳ್ತೀನಿ, ಬೆಳಗ್ಗೆ ಚಪಾತಿ ಒಳಗೆ ಪಲ್ಯ ಸುತ್ತಿ ಫಾಯಿಲ್‌ನಲ್ಲಿ ಕಟ್ಕೊಳ್ಳೋದು, ಮಧ್ಯಾಹ್ನಕ್ಕೆ ಅಷ್ಟೇ. ಮೊಸರನ್ನ ಚಿತ್ರಾನ್ನ ಬೇಡ, ಸಾಲಲ್ಲಿ ನಿಂತ್ಕೊಂಡು ತಿನ್ನಕ್ಕೆ ಒಂದು ಕೈಲಿ ಹಿಡಿಯೋ ಥರ ಇರ್ಬೇಕು. ಹಾಸ್ಟೆಲಲ್ಲಿ ಅಡುಗೆಮನೆ ಇಲ್ಲಾಂದ್ರೆ ಲಿಡ್ಲ್, ಆಲ್ಡಿ, ಪೆನ್ನಿ ಇಂಥ ಅಗ್ಗದ ಸೂಪರ್‌ಮಾರ್ಕೆಟ್ ಯಾವುದಾದ್ರೂ ಒಂದಕ್ಕೆ ಹಿಂದಿನ ಸಂಜೆ ಹೋಗಿ ಬ್ರೆಡ್, ಚೀಸ್, ಬಾಳೆಹಣ್ಣು, ನಟ್ಸ್ ತಗೊಳ್ಳಿ, ಇಬ್ರಿಗೆ ಸೇರಿಸಿದ್ರೂ ಒಳಗಿನ ಒಂದೇ ಊಟದ ದುಡ್ಡು ಆಗಲ್ಲ.

ಕೂತು ತಿನ್ನೋಕೆ ಮೆಸ್ಸೆ ಪಕ್ಕದಲ್ಲೇ ರೈನ್‌ಪಾರ್ಕ್ ಇದೆ, ಹುಲ್ಲು, ನೆರಳು, ನದಿ, ಎಲ್ಲಾ ಬಿಟ್ಟಿ. ಆದ್ರೆ ಹೊರಗೆ ಕಾಲಿಡೋ ಮುಂಚೆ ಅದೇ ಟಿಕೆಟಲ್ಲಿ ವಾಪಸ್ ಬಿಡ್ತಾರಾ ಅಂತ ಗೇಟ್‌ನೋರನ್ನ ಕೇಳ್ಕೊಂಡೇ ಹೋಗಿ.

ರಾತ್ರಿಗೆ ಬಿಸಿ ಊಟ ಬೇಕು ಅಂದ್ರೆ ಮೇಳದ ಸುತ್ತಮುತ್ತ ನೋಡ್ಬೇಡಿ, ಎಲ್ಲಾ ಕಡೆ ಜನ. ಟ್ರಾಮ್ 4 ಹತ್ತಿ ಕೊಯ್ಪ್‌ಸ್ಟ್ರಾಸೆಲಿ ಇಳೀರಿ, ಅದೂ ನದಿಯ ಇದೇ ಬದೀಲಿದೆ, ಮ್ಯೂಲ್‌ಹೈಮ್ ಅಂತ. ರಸ್ತೆ ಪೂರ್ತಿ ಟರ್ಕಿಯವರ ಅಂಗಡಿಗಳು. ಮಸೂರ್ ಬೇಳೆ ಸೂಪು, ಜೊತೆಗೆ ರೊಟ್ಟಿ, ನಮ್ಮ ಬೇಳೆ ಸಾರಿಗೆ ದೂರದ ನೆಂಟ ಅನ್ಬಹುದು. ಸ್ಟಾಕ್ ಚಿಕನ್ದಾ ಅಂತ ಮಾತ್ರ ಕೇಳಿ.

ಹಾಂ, ಬೂತ್‌ಗಳಲ್ಲಿ ಫ್ರೀ ಅಂತ ಗಮ್ಮಿ ಕ್ಯಾಂಡಿ ಎಸೀತಿರ್ತಾರೆ, ಸಾಮಾನ್ಯವಾಗಿ ಜೆಲಟಿನ್ ಇರತ್ತೆ, ವೆಜ್‌ನೋರು ಪ್ಯಾಕೆಟ್ ಹಿಂದೆ ನೋಡಿ ಬಾಯಿಗೆ ಹಾಕ್ಕೊಳ್ಳಿ.

ಪಿಕ್ಸೆಲ್_ಪುಟ್ಟ:
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಗುರು. ಜೆಲಟಿನ್ ವಿಷಯ ತಲೇಲೇ ಇರ್ಲಿಲ್ಲ. ಬಾಟ್ಲಿ ನೀರು ಒಳಗೆ ಎಷ್ಟಾಗಬಹುದು? ದಿನಕ್ಕೆ ನಾಲ್ಕು ಬಾಟ್ಲಿ ಅಂತ ಲೆಕ್ಕ ಹಾಕಿದೀನಿ.

ಹುಬ್ಳಿ_ಹುಡ್ಗ:
ನಾಕ್ ಬಾಟ್ಲಿ ಯಾಕ ಕೊಳ್ತಿಯೋ ತಮ್ಮಾ, ಜರ್ಮನಿಯಾಗ ನಳದ ನೀರು ಆರಾಮ ಕುಡೀಬಹುದು, ಮನಿಯಿಂದ ಒಂದು ಖಾಲಿ ಪ್ಲಾಸ್ಟಿಕ್ ಬಾಟ್ಲಿ ಒಯ್ದು ಒಳಗ ತುಂಬ್ಕೊಳ್ಳೋದಪಾ. ಗಾಜಿಂದು ಒಯ್ಯಬ್ಯಾಡ. ಆಗಸ್ಟ್‌ನಾಗ ಹಾಲ್ ಒಳಗ ಮಂದಿ ಅಂದ್ರ ಮಂದಿ, ಸೆಕಿ ಭಾಳ ಇರ್ತದ, ದೊಡ್ಡ ಗೇಮ್ ಇದ್ರ ಒಂದೊಂದು ಪಾಳಿ ತಾಸುಗಟ್ಲೆ, ನಡುವ ನೀರಿಗಂತ ಪಾಳಿ ಬಿಟ್ಟಿ ಅಂದ್ರ ಮತ್ತ ಹಿಂದ ಹೋಗಿ ನಿಲ್ಲೋದ. ಮಡಚೋ ಸಣ್ಣ ಸ್ಟೂಲ್ ತಂದೋರ್ನ ನೋಡಿ ಹೊಟ್ಟಿ ಉರಿತದ, ಗೇಟ್‌ನಾಗ ಬಿಡ್ತಾರಂದ್ರ ನೀವೂ ತಗೊಂಡ್ ಹೋಗ್ರಿ.

ಕೋಲಾ ಗೀಲಾ ಕೊಂಡ್ರ ಖಾಲಿ ಡಬ್ಬಿ ಒಗೀಬ್ಯಾಡ, ಒಂದಕ್ಕ 25 ಸೆಂಟ್ ಫಾಂಡ್, ಅಂದ್ರ ಡಿಪಾಸಿಟ್ ಐತಿ, ಸೂಪರ್‌ಮಾರ್ಕೆಟ್ ಮಷೀನ್‌ಗೆ ಹಾಕಿದ್ರ ವಾಪಸ್ ಬರ್ತದ. ಹೊರೋದು ಬ್ಯಾಸರ ಅನ್ಸಿದ್ರ ಕಸದ ಡಬ್ಬಿ ಪಕ್ಕಕ್ಕ ನಿಲ್ಲಿಸಿ ಹೋಗು, ಆರಿಸ್ಕೊಂಡು ಹೋಗೋರಿಗೆ ಅನುಕೂಲ.

ಇನ್ನೊಂದು, ಒಳಗ ಹೋದ್ ಕೂಡ್ಲೇ ಪಾಸ್‌ಪೋರ್ಟ್ ಇಲ್ಲಾ ರೆಸಿಡೆನ್ಸ್ ಕಾರ್ಡ್ ತೋರಿಸಿ ಕೈಗೆ ವಯಸ್ಸಿನ ಪಟ್ಟಿ ಕಟ್ಟಿಸ್ಕೋರಿ. ಅದು ಇಲ್ಲಂದ್ರ 18 ಮ್ಯಾಲಿನ ಗೇಮ್ ಬೂತ್‌ಗೆ ಬಿಡೂದಿಲ್ಲ, ಗಡ್ಡ ತೋರಿಸಿದ್ರ ನಡ್ಯಾಂಗಿಲ್ಲ.

ಸೈಡ್_ಕ್ವೆಸ್ಟ್:
ಎಲ್ರೂ ಎಲ್ಲಾ ಹೊತ್ಕೊಂಡ್ ಹೋಗಿ ಅಂತಿದೀರ, ಸ್ಟೂಲು, ಡಬ್ಬಿ, ಬಾಟ್ಲಿ, ಹಣ್ಣು, ಇದೇನು ಮೇಳಕ್ಕೋ ಚಾರಣಕ್ಕೋ? ಬೆಳಗ್ಗೆ ಗೇಟಲ್ಲಿ ಬ್ಯಾಗ್ ಚೆಕಿಂಗ್ ಇರತ್ತೆ, ದೊಡ್ಡ ಬ್ಯಾಗ್ ಇದ್ರೆ ತಡ ಆಗೋದೇ, ಈ ವರ್ಷ ಎಷ್ಟು ದೊಡ್ಡ ಬ್ಯಾಗ್ ಬಿಡ್ತಾರೆ ಅಂತ ಅವರದೇ ಸೈಟಲ್ಲಿ ಓದ್ಕೊಂಡು ಆಮೇಲೆ ಪ್ಯಾಕ್ ಮಾಡಿ. ಪವರ್‌ಬ್ಯಾಂಕ್, ನೀರು, ಒಂದು ರೋಲ್, ಮುಗೀತು. ಟಾಯ್ಲೆಟ್ ಹಾಲ್ ಒಳಗಿಂದೇ ಯೂಸ್ ಮಾಡಿ, ಸ್ಟೇಷನ್ನಲ್ಲಿ ಅದಕ್ಕೂ ಚಿಲ್ರೆ ಕೇಳ್ತಾರೆ. ಮತ್ತೆ ಊಟದಲ್ಲಿ ಉಳಿಸಿದ ಹತ್ತು ಯೂರೋನ ಗೇಮ್ ಟೀಶರ್ಟು ಬೊಂಬೆ ಮಾರೋ ಮರ್ಚ್ ಅಂಗಡೀಲಿ ಅರವತ್ತು ಮಾಡಿ ಕೊಟ್ಟು ಬರೋರನ್ನ ಬೇಕಾದಷ್ಟು ನೋಡಿದೀನಿ, ಲಿಮಿಟ್ ಅಂತ ಹಾಕೋದಾದ್ರೆ ಅಲ್ಲಿ ಹಾಕಿ.

ಶನಿವಾರ ರಶ್ಶು ಜಾಸ್ತಿ, ಅದಕ್ಕೇ ಆಡಲೇಬೇಕು ಅನ್ನೋ ಗೇಮ್ ಎಲ್ಲಾ ಶುಕ್ರವಾರವೇ ಮುಗಿಸ್ಕೊಳ್ಳಿ, ಶನಿವಾರ ಕಾಸ್‌ಪ್ಲೇ (ಗೇಮ್ ಪಾತ್ರದ ವೇಷ ಹಾಕೋದು), ಇಂಡೀ ಬೂತು (ಸಣ್ಣ ತಂಡಗಳ ಗೇಮ್‌ದು) ಅಂತ ಸುತ್ತಿ.

ಪಿಕ್ಸೆಲ್_ಪುಟ್ಟ:
ಹಾಸ್ಟೆಲ್ ನೋಡ್ದೆ, ಶುಕ್ರವಾರ ಇದೆ ಶನಿವಾರ ಫುಲ್. ಹಂಗಾಗಿ ಶನಿವಾರ ರಾತ್ರಿ ಬಾನ್‌ನಲ್ಲಿರೋ ಕ್ಲಾಸ್‌ಮೇಟ್ ಮನೇಲಿ ನೆಲದ ಮೇಲೆ ಮಲಗೋದು ಅಂತ ಆಯ್ತು. ಅವನಿಗೆ ರೇಷನ್ ತಗೊಂಡು ಹೋಗಿ ಅಲ್ಲೇ ಅಡುಗೆ ಮಾಡೋಣ ಅಂತಿದೀವಿ, ಭಾನುವಾರ ಬೆಳಗ್ಗೆ ತಗೊಂಡ್ರೆ ಆಗತ್ತಲ್ವಾ?

ತಿಂಡಿಪೋತ:
ಅಯ್ಯೋ ಮಾರಾಯ, ಭಾನುವಾರ ಸೂಪರ್‌ಮಾರ್ಕೆಟ್ ಎಲ್ಲಾ ಬಂದ್! ದೊಡ್ಡ ಸ್ಟೇಷನ್ ಒಳಗಿನ ಅಂಗಡಿ, ಬೆಳಗ್ಗೆ ಸ್ವಲ್ಪ ಹೊತ್ತು ಬೇಕರಿ, ಅಷ್ಟೇ ತೆಗೆದಿರೋದು. ಶನಿವಾರ ಮೇಳದಿಂದ ಸೀದಾ ಅಂಗಡಿಗೆ ಹೋಗಿ ಆಮೇಲೆ ಟ್ರೇನ್ ಹತ್ತಿ, ಅವನಿಗೆ ಮೊದ್ಲೇ ಫೋನ್ ಮಾಡಿ ಮನೇಲಿ ಅಕ್ಕಿ ಬೇಳೆ ಏನೇನಿದೆ ಅಂತ ಕೇಳ್ಕೊಂಡ್ಬಿಡಿ.